ಎಲ್ಲರಿಗೂ ನಡೆಯುವ ರಕ್ತ

ಗದಗ ಹೊಸದಾಗಿ ಜಿಲ್ಲೆಯಾದ ಆ ವರ್ಷಗಳಲ್ಲಿ ಬೆಟಗೇರಿಯಲ್ಲಿ ನನ್ನಷ್ಟು ಸುಖಿ ಇನ್ನೊಬ್ಬನಿರಲಿಲ್ಲ. ನನ್ನದೊಂದು ಸಣ್ಣ ಛಾಪಖಾನೆ. ಜಿಲ್ಲೆ ಬದಲಾದದ್ದೇ ತಡ, ಕಚೇರಿಗಳು, ಸೊಸೈಟಿಗಳು, ಶಾಲೆಗಳು, ಅಷ್ಟೇ ಏಕೆ, ಕಿರಾಣಿ ಅಂಗಡಿಯವರು ಕೂಡ ತಮ್ಮ ಕಾಗದಗಳ ಮೇಲಿನ ‘ಜಿಲ್ಲಾ ಧಾರವಾಡ’ ತೆಗೆಸಿ ‘ಜಿಲ್ಲಾ ಗದಗ’ ಎಂದು ಅಚ್ಚು ಹಾಕಿಸಲು ನನ್ನ ಬಾಗಿಲಿಗೆ ಬಂದರು. ಕೈತುಂಬ ಕೆಲಸವಿದ್ದವನಿಗೆ ತಲೆತುಂಬ ಜ್ಞಾನವೂ ಇರುತ್ತದೆಂದು ಜನ ತಿಳಿಯುತ್ತಾರೆ. ಜನ ತಿಳಿದದ್ದನ್ನು ನಾನೂ ನಂಬಿದೆ!

ಅದೇ ದಿನಗಳಲ್ಲಿ ಒಂದು ಯುವಕ ಸಂಘದವರು ರಕ್ತದಾನ ಶಿಬಿರದ ಕರಪತ್ರ ಮಾಡಿಸಲು ಬಂದರು. ಹಿಂಬದಿಯಲ್ಲಿ ‘ಮಾನವನ ರಕ್ತ: ಒಂದು ಪರಿಚಯ’ ಎಂಬ ಬರಹವಿತ್ತು. ಅದರ ಕರಡನ್ನು ತಿದ್ದುತ್ತ ತಿದ್ದುತ್ತ ನಾನು ರಕ್ತಶಾಸ್ತ್ರದಲ್ಲಿ ಪಾರಂಗತನಾದೆ. ಪ್ಲಾಸ್ಮಾ, ಕೆಂಪು ಕಣ, ಬಿಳಿ ಕಣ, ಕಿರುತಟ್ಟೆ, ಎಲ್ಲವೂ ಬಾಯಿಪಾಠ. ಆದರೆ ಹಿಂಬದಿಯನ್ನು ಅಷ್ಟು ಶ್ರದ್ಧೆಯಿಂದ ಓದಿದವನು ಮುಂಬದಿಯನ್ನು ನೋಡಿರಲಿಲ್ಲ. ಊರ ತುಂಬ ಹಂಚಿಯಾದ ಮೇಲೆ ಗೊತ್ತಾಯಿತು, ಮುಖಪುಟದಲ್ಲಿ ದಪ್ಪ ಅಕ್ಷರದಲ್ಲಿ ಹೀಗಿತ್ತು: ‘ಬನ್ನಿರಿ, ರಕ್ತಪಾನ ಮಾಡಿರಿ, ಜೀವ ಉಳಿಸಿರಿ!’ ನಮ್ಮ ಓಣಿಯ ಹೆಂಗಸರು ಆ ದಿನ ಮಕ್ಕಳನ್ನು ಹೊರಗೇ ಬಿಡಲಿಲ್ಲ.

ಇಷ್ಟಾದರೂ ನನ್ನ ಆತ್ಮವಿಶ್ವಾಸಕ್ಕೆ ಧಕ್ಕೆಯಾಗಲಿಲ್ಲ. ಏಕೆಂದರೆ ನನ್ನದು ‘ಓ’ ಗುಂಪಿನ ರಕ್ತ. ಓ ಗುಂಪಿನ ಕೆಂಪು ಕಣಗಳು ಯಾರ ಮೈಗಾದರೂ ನಡೆಯುತ್ತವೆ ಎಂದು ನನ್ನದೇ ಕರಪತ್ರದಲ್ಲಿತ್ತು. ಜಗತ್ತಿಗೇ ಸಲ್ಲುವ ಇಂಥ ಅಮೂಲ್ಯ ದ್ರವ್ಯವನ್ನು ಸಣ್ಣಪುಟ್ಟ ಶಿಬಿರಗಳಲ್ಲಿ ಖರ್ಚು ಮಾಡಬಾರದೆಂದು ನಾನು ಅದುವರೆಗೆ ಒಂದು ಹನಿಯನ್ನೂ ಕೊಟ್ಟಿರಲಿಲ್ಲ. ಸೂಜಿಯ ಹೆದರಿಕೆ ಎಂದು ನನ್ನ ಹೆಂಡತಿ ಗಿರಿಜಾ ಹೇಳುತ್ತಿದ್ದಳು. ಅದು ಅವಳ ಅಭಿಪ್ರಾಯ.

ಹೀಗಿರುವಾಗ ಒಂದು ದಿನ ಮೌಲಾಸಾಬ ಮುಖ ಸಪ್ಪಗೆ ಮಾಡಿಕೊಂಡು ಮನೆಗೆ ಬಂದ. ಮೌಲಾಸಾಬ ನನ್ನ ಬಾಲ್ಯದ ಗೆಳೆಯ. ಲಕ್ಷ್ಮೇಶ್ವರದ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತು ಒಂದೇ ಛಡಿಯ ಏಟು ತಿಂದವರು. ಈಗ ಅಲ್ಲೇ ಅವನದು ಬಳೆ ಅಂಗಡಿ. ಅವನ ಹೆಂಡತಿ ರೆಹಮತಬಿ ನನ್ನನ್ನು ಅಣ್ಣ ಎಂದೇ ಕರೆಯುತ್ತಿದ್ದಳು.

“ಈರಣ್ಣಾ, ರೆಹಮತಬೀನ ಇಲ್ಲೇ ಗದಗಿನ ದವಾಖಾನಿಗೆ ಸೇರಿಸೇನಿ. ಗರ್ಭಚೀಲದ ಆಪರೇಶನ್ ಮಾಡಬೇಕಂತ. ಆದ್ರ ಮೈಯಾಗ ರಕ್ತನ ಇಲ್ಲಂತಾರ. ಮೊದಲ ರಕ್ತ ಏರಿಸಬೇಕಂತ. ಆಕಿದು ಬಿ ಗುಂಪು, ಅದು ಈಗ ಅವರ ಕಡೆ ಖಾಲಿ ಆಗೇತಿ. ನಂದು ಎ. ಮ್ಯಾಲ ಸಕ್ಕರಿ ಬ್ಯಾನಿ. ಬಿ ಇಲ್ಲಾ ಓ ಇದ್ದವರನ್ನ ಕರಕೊಂಡು ಬರ್ರಿ ಅಂದಾರ.”

ನನ್ನ ಎದೆ ಉಬ್ಬಿತು. ಗೆಳೆಯನ ಕಷ್ಟಕ್ಕೆ ಎದೆ ಉಬ್ಬಬಾರದು, ನಿಜ. ಆದರೆ ಉಬ್ಬಿತು.

“ಮೌಲಾ, ಕುಂಡ್ರು. ರಕ್ತ ಅಂದ್ರ ಏನಂತ ತಿಳ್ಕೋ ಮೊದಲ,” ಎಂದೆ. “ಅರ್ಧಕ್ಕಿಂತ ಜಾಸ್ತಿ ಅದರಾಗ ಹಳದಿ ನೀರು. ಅದಕ್ಕ ಪ್ಲಾಸ್ಮಾ ಅಂತಾರ. ಅದು ರಸ್ತೆ ಅಂತ ತಿಳ್ಕೋ. ಆ ರಸ್ತೆದಾಗ ಕೆಂಪು ಕಣ ಓಡಾಡ್ತಾವು. ಅವು ಹಮಾಲರು. ಪುಪ್ಪುಸದಾಗಿನ ಗಾಳಿ ಹೊತ್ತು ಮೈಗೆಲ್ಲಾ ಮುಟ್ಟಸ್ತಾರ. ತಂಗಿಗೆ ಹಮಾಲರು ಕಡಿಮಿ ಆಗ್ಯಾರ, ಅದಕ್ಕ ನಾಕ ಹೆಜ್ಜಿ ಇಟ್ರ ತೇಕು ಬರತೈತಿ. ಬಿಳಿ ಕಣ ಅಂದ್ರ ಪೊಲೀಸರು, ರೋಗ ಬಂದ್ರ ಹಿಡಿದು ಬಡೀತಾರ. ಕಿರುತಟ್ಟೆ ಅಂದ್ರ ಪಂಚರ್ ತಗಿಯವರು. ಎಲ್ಲೆರ ಕೊಯ್ದು ರಕ್ತ ಸೋರಿದ್ರ ಹೋಗಿ ತೇಪಿ ಹಾಕ್ತಾರ.”

ಚಹಾ ತಂದ ಗಿರಿಜಾ ಬಾಗಿಲಲ್ಲೇ ನಿಂತು ಕೇಳಿದಳು: “ಹಮಾಲರು, ಪೊಲೀಸರು, ಪಂಚರಿನವರು... ನಿಮ್ಮ ಮೈಯಾಗ ರಕ್ತ ಐತೋ, ಬಸ್‌ಸ್ಟ್ಯಾಂಡ್ ಐತೋ?”

ಮೌಲಾಸಾಬ ಆ ಚಿಂತೆಯಲ್ಲೂ ನಕ್ಕ. ನಾನು ನಗಲಿಲ್ಲ. ಅವನ ಕೈ ಹಿಡಿದು ಗಂಭೀರವಾಗಿ ಘೋಷಿಸಿದೆ: “ನಂದು ಓ. ಎಲ್ಲಾರಿಗೂ ನಡೀತೈತಿ. ನೀ ಇನ್ನ ಯಾರನ್ನೂ ಹುಡಕಬ್ಯಾಡ. ನಾಳೆ ಮುಂಜಾನೆ ನಾನ ಬಂದು ಕೊಡ್ತೇನಿ.”

ಅವನು ಕಣ್ಣೊರೆಸಿಕೊಂಡ. “ನಿನ್ನ ಉಪಕಾರ ಹೆಂಗ ತೀರಸಲಿ” ಎಂದ. ಆ ಮಾತು ಈಗಲೂ ನೆನಪಾಗುತ್ತದೆ. ನೆನಪಾಗದಿದ್ದರೆ ಚೆನ್ನಾಗಿತ್ತು.

ರಕ್ತವನ್ನು ಇನ್ನಷ್ಟು ಶ್ರೀಮಂತಗೊಳಿಸಲು ನಾನು ಆ ಮಧ್ಯಾಹ್ನವೇ ಬೀಟ್‌ರೂಟ್, ಖರ್ಜೂರ, ಶೇಂಗಾ ಬೆಲ್ಲ, ದಾಳಿಂಬೆ ಎಲ್ಲವನ್ನೂ ಒಂದರ ಮೇಲೊಂದು ತಿಂದೆ. ಕೆಂಪಗಿರುವುದೆಲ್ಲ ರಕ್ತವಾಗುತ್ತದೆ ಎಂಬುದು ನನ್ನ ಸಿದ್ಧಾಂತ. ಅವೆಲ್ಲವೂ ಹೊಟ್ಟೆಯಲ್ಲಿ ತಮ್ಮ ತಮ್ಮಲ್ಲೇ ಜಗಳಕ್ಕೆ ಬಿದ್ದವು.

ಸಂಜೆ ಹೊಟ್ಟೆ ಹಿಡಿದುಕೊಂಡೇ ದವಾಖಾನೆಗೆ ಹೋದೆ. ಮೌಲಾಸಾಬ ಬಟ್ಟೆಬರೆ ತರಲು ಲಕ್ಷ್ಮೇಶ್ವರಕ್ಕೆ ಹೋಗಿದ್ದ. ಗೇಟಿನ ಬಳಿ ಒಬ್ಬ ಕಡ್ಡಿಯಂಥ ಮನುಷ್ಯ ಹೆಗಲ ಮೇಲೆ ಹತ್ತಿ ಹಿಂಜುವ ಬಿಲ್ಲು ಹೊತ್ತು ನಿಂತಿದ್ದ. ಗುರುತು ಸಿಕ್ಕಿತು. ದಸ್ತಗೀರ. ಬಾಳೆಹೊಸೂರಿನಲ್ಲಿ ಗಾದಿ ಮಾಡುವವನು, ರೆಹಮತಬಿಯ ಒಡಹುಟ್ಟಿದ ತಮ್ಮ. ಅಕ್ಕ ತಮ್ಮ ಮಾತು ಬಿಟ್ಟು ವರ್ಷಗಳಾಗಿದ್ದವು. ಅಕ್ಕನ ಮಗಳನ್ನು ತನ್ನ ಹೆಂಡತಿಯ ತಮ್ಮನಿಗೆ ಕೇಳಿದ್ದ. ಇವರು ಮುಂಡರಗಿಯ ಕಡೆ ಕೊಟ್ಟರು. ಅವನು ಮದುವೆಗೂ ಬರಲಿಲ್ಲ, ಆಮೇಲೂ ಬರಲಿಲ್ಲ.

“ಸಾವಕಾರ್ರ, ಅಕ್ಕಗ ರಕ್ತ ಬೇಕಾಗೇತಂತ ಬಸ್ಸಿನ್ಯಾಗ ಕೇಳಿದೆ,” ಎಂದ. “ನಂದೂ ಬಿ ಐತ್ರಿ. ಹಿಂದ ಒಮ್ಮೆ ಕೊಟ್ಟೇನಿ. ಒಳಗ ಹೋಗಾಕ... ಹೆಂಗ ಹೋಗಲಿ ಅಂತ ನಿಂತೇನ್ರಿ. ನೀವು ಜೋಡಿ ಬರ್ತೀರೇನು?”

ಇಲ್ಲಿ ನಾನು ಮಾಡಬೇಕಾಗಿದ್ದು ಒಂದೇ ಕೆಲಸ. ಅವನ ಜೋಡಿ ಹತ್ತು ಹೆಜ್ಜೆ ನಡೆಯುವುದು. ಆದರೆ ನಾನು ರಕ್ತಶಾಸ್ತ್ರ ಪಾರಂಗತ! ರೋಗಿಯ ಮನಸ್ಸಿಗೆ ಉದ್ವೇಗವಾಗಬಾರದು, ರಕ್ತದೊತ್ತಡ ಏರುತ್ತದೆ, ಇತ್ಯಾದಿ ನನಗೆ ಗೊತ್ತು. ಇನ್ನೊಂದು ಮಾತೂ ಇತ್ತು. ನಾಳೆ ನಾನು ಮಾಡಲಿದ್ದ ಮಹಾದಾನಕ್ಕೆ ಈ ಕಡ್ಡಿ ಪಾಲುದಾರನಾಗುವುದು ನನಗೆ ಬೇಕಿರಲಿಲ್ಲ.

“ಏ ದಸ್ತಗೀರ, ನಿನ್ನ ಮೈಯಾಗ ಒಂದ ಬಾಟ್ಲಿ ತಗದ್ರ ನೀನ ಖಾಲಿ ಚೀಲ ಆಗ್ತಿ! ನೀನೂ ಅಕ್ಕನ ಬಾಜೂ ಮಲಗಬೇಕಾದೀತು,” ಎಂದೆ. “ರಕ್ತದ ವ್ಯವಸ್ಥಾ ಆಗೇತಿ. ನಂದು ಓ ಐತಿ. ಆಕಿಗೆ ಈಗ ನಿನ್ನ ನೋಡಿ ತ್ರಾಸ ಆಗೂದು ಬ್ಯಾಡ. ಆರಾಮ ಆದಮ್ಯಾಲ ಬಂದು ನೋಡು. ಹೋಗು, ಬಸ್ ಸಿಗತೈತಿ.”

ಅವನು ದವಾಖಾನೆಯ ಕಿಟಕಿಗಳ ಕಡೆ ಒಮ್ಮೆ ನೋಡಿದ. “ಆತ್ರಿ. ನಿಮಗ ಗೊತ್ತಿರತೈತಿ,” ಎಂದು ಬಿಲ್ಲನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ಹೊರಟುಹೋದ.

ನಾನು ಒಳಗೆ ಹೋದೆ. ರೆಹಮತಬಿ ಕಿಟಕಿಯ ಪಕ್ಕದ ಮಂಚದ ಮೇಲೆ ಎದ್ದು ಕುಳಿತಿದ್ದಳು. ಮುಖ ಹಳೆಯ ಕಾಗದದ ಹಾಗೆ ಬಿಳಚಿತ್ತು.

“ಅಣ್ಣಾರ, ನನ್ನ ತವರಿನ ಕಡಿಂದ ಯಾರರ ಬಂದಿದ್ರೇನ್ರಿ?” ಎಂದು ಕೇಳಿದಳು.

“ಯಾರೂ ಬಂದಿಲ್ಲ ತಂಗಿ. ಯಾರರ ಯಾಕ ಬರಬೇಕು? ನಾ ಇಲ್ಲೇನು?” ಎಂದೆ, ಬಹಳ ಧಾರಾಳವಾಗಿ.

ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಗೋಡೆಯ ಕಡೆ ಹೊರಳಿ ಮಲಗಿದಳು. ದಣಿವು, ಹಮಾಲರು ಕಡಿಮೆ ಎಂದುಕೊಂಡು ನಾನು ಹೊರಟುಬಂದೆ.

ಮರುದಿನ ಮುಂಜಾನೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ರಕ್ತ ತೆಗೆದುಕೊಳ್ಳುವ ಕೋಣೆಗೆ ಮೆರವಣಿಗೆ ಹೊರಟೆ. ಜೊತೆಗೆ ಮೌಲಾಸಾಬ, ಹಿಂದೆ ಗಿರಿಜಾ. ಕೋಣೆಯಲ್ಲಿ ಒಬ್ಬ ಡಾಕ್ಟರಬಾಯಿ ಇದ್ದರು. ಬೆರಳಿಗೆ ಚುಚ್ಚಿದರು. ನಾನು ಕೂಗಲಿಲ್ಲ, ಬಾಯಿಂದ ತಾನಾಗಿ ಸ್ವಲ್ಪ ಸದ್ದು ಬಂತು, ಅಷ್ಟೇ. ರಕ್ತದ ಒಂದು ಹನಿಯನ್ನು ಮೈಲುತುತ್ತದ ನೀಲಿ ನೀರಿನೊಳಗೆ ಬಿಟ್ಟರು. ಹನಿ ಮೇಲೆಯೇ ತೇಲಿತು.

“ನೋಡ್ಯಾ ಮೌಲಾ!” ಎಂದೆ ಹೆಮ್ಮೆಯಿಂದ. “ಹೆಂಗ ತೇಲಾಕ ಹತ್ತೇತಿ! ಹೂವಿನಂಗ!”

“ಮುಳಗಬೇಕ್ರಿ,” ಎಂದರು ಡಾಕ್ಟರಬಾಯಿ.

“ಏನು?”

“ರಕ್ತ ಗಟ್ಟಿ ಇದ್ರ ಹನಿ ಮುಳಗತೈತಿ. ನಿಮ್ಮದು ತೇಲಾಕತ್ತೇತಿ. ಹಿಮೋಗ್ಲೋಬಿನ್ ಕಡಿಮಿ ಐತ್ರಿ. ನೀವು ರಕ್ತ ಕೊಡಾಂಗಿಲ್ಲ, ಗುಳಿಗಿ ತಗೋಬೇಕು.”

ಬೀಟ್‌ರೂಟು, ದಾಳಿಂಬೆಗಳೆಲ್ಲ ಎಲ್ಲಿಗೆ ಹೋದವು? ಅವು ಹೋದ ದಾರಿ ನನಗೆ ಗೊತ್ತಿತ್ತು. ಹೇಳುವಂತಿರಲಿಲ್ಲ.

ನಾನು ಬಿಡುವವನಲ್ಲ. “ಕಡಿಮಿ ಇದ್ರೂ ಚಿಂತಿಲ್ಲ, ತಗೀರಿ. ಜೀವದ ಪ್ರಶ್ನಿ ಐತಿ. ನಂದು ಓ, ಎಲ್ಲಾರಿಗೂ ನಡೀತೈತಿ!” ಎಂದು ತೋಳು ಮುಂದೆ ಮಾಡಿದೆ.

ನನ್ನ ಬಾಯಿ ಮುಚ್ಚಿಸಲೆಂದೋ ಏನೋ, ಅವರು ಬಿಳಿ ಬಿಲ್ಲೆಯ ಮೇಲೆ ನನ್ನ ರಕ್ತದ ಹನಿಗಳನ್ನಿಟ್ಟು ಔಷಧ ಬೆರೆಸಿ ಅಲ್ಲಾಡಿಸಿದರು. ಎ ಕಡೆಯ ಹನಿ ಒಡೆದ ಮೊಸರಿನಂತೆ ಗಂಟುಗಂಟಾಯಿತು. ಬಿ ಕಡೆಯ ಹನಿಯೂ ಗಂಟುಗಂಟಾಯಿತು.

“ನಿಮ್ಮದು ಓ ಅಲ್ರಿ, ಎ.ಬಿ.,” ಎಂದರು. “ನೀವು ಯಾರ ಕಡಿಂದರ ತಗೋಬಹುದು. ನಿಮ್ಮ ರಕ್ತ ಮಾತ್ರ ಎ.ಬಿ. ಇದ್ದವರಿಗಷ್ಟ ನಡೀತೈತಿ. ಬಿ ಇದ್ದವರಿಗೆ ಏರಿಸಿದ್ರ ಅವರ ಮೈ ಅದನ್ನ ವೈರಿ ಅಂತ ತಿಳದು ಒಡೀತೈತಿ. ಜೀವಕ್ಕ ಕುತ್ತು.”

“ಸಾಧ್ಯನ ಇಲ್ಲ!” ಎಂದೆ. “ಕಾಲೇಜಿನ್ಯಾಗ ತಪಾಸಣಿ ಮಾಡಿದವರು ಓ ಅಂತ ಬಾಯ್ಲೆ ಹೇಳ್ಯಾರ!”

ಹೇಳುತ್ತಿದ್ದ ಹಾಗೆಯೇ ಆ ದೃಶ್ಯ ಕಣ್ಣ ಮುಂದೆ ಬಂತು. ಉದ್ದನೆಯ ಸರತಿ. ನನ್ನ ಬೆರಳು ಒತ್ತಿ ನೋಡುತ್ತಿದ್ದ ಮನುಷ್ಯನನ್ನು “ನಂದು ಯಾವ ಗುಂಪ್ರೀ?” ಎಂದು ಕೇಳಿದ್ದೆ. ಅದೇ ಹೊತ್ತಿಗೆ ಒಳಗಿನಿಂದ ಯಾರೋ ಅವನ ಹೆಸರು ಹಿಡಿದು ಕರೆದಿದ್ದರು. ಅವನು “ಓ!” ಎಂದು ಎದ್ದುಹೋಗಿದ್ದ. ಅವನು ಓಗೊಟ್ಟದ್ದು ಅವರಿಗೆ. ಅದನ್ನು ಅಷ್ಟು ವರ್ಷ ಎದೆಯಲ್ಲಿಟ್ಟುಕೊಂಡು ಮೆರೆದದ್ದು ನಾನು!

ನನ್ನ ಮುಖ ನೋಡಿ ಡಾಕ್ಟರಬಾಯಿಗೂ ಮರುಕವಾಗಿರಬೇಕು. “ಬ್ಯಾಸರ ಮಾಡ್ಕೋಬ್ಯಾಡ್ರಿ,” ಎಂದರು. “ನಿಮ್ಮ ರಕ್ತದಾಗಿನ ಹಳದಿ ನೀರು, ಪ್ಲಾಸ್ಮಾ, ಅದು ಎಲ್ಲಾ ಗುಂಪಿನವರಿಗೂ ನಡೀತೈತಿ. ಆದ್ರ ಅದನ್ನ ಬ್ಯಾರೆ ಮಾಡೂ ಯಂತ್ರ ಇಲ್ಲಿಲ್ಲ.”

ಎಲ್ಲರಿಗೂ ನಡೆಯುವಂಥದ್ದು ನನ್ನಲ್ಲಿದ್ದದ್ದು ನೀರು ಮಾತ್ರ. ಅದೂ ಗದಗಿನಲ್ಲಿ ನಡೆಯುವಂತಿರಲಿಲ್ಲ!

“ಎಲ್ಲಾರ ಕಡಿಂದ ತಗೊಳ್ಳೂದು, ಯಾರಿಗೂ ಕೊಡೂದಿಲ್ಲ,” ಎಂದು ಗಿರಿಜಾ ಮೆಲ್ಲಗೆ ಹೇಳಿದಳು. “ಲಗ್ನ ಆದಾಗಿಂದ ನಾ ನೋಡೇನಲ್ಲ.”

ಮೌಲಾಸಾಬ ಬೆಂಚಿನ ಮೇಲೆ ಕುಸಿದು ತಲೆಯ ಮೇಲೆ ಕೈ ಹೊತ್ತ. ಅಂದು ಮುಂಜಾನೆ ರಕ್ತ ಏರಿಸಿದ್ದರೆ ಮರುದಿನ ಆಪರೇಶನ್ ಆಗಬೇಕಿತ್ತು. “ಇನ್ನ ಯಾರನ್ನ ಹುಡಕಲಿ? ನಿನ್ನ ನಂಬಿ ನಿನ್ನೆ ಇಡೀ ದಿನ ಸುಮ್ನ ಕುಂತೆನಲ್ಲೋ,” ಎಂದ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ನಿನ್ನೆ ಗೇಟಿನಲ್ಲಿ ನಡೆದದ್ದನ್ನು ಅವನಿಗೆ ಹೇಳಲು ನಾಲಿಗೆ ಏಳಲಿಲ್ಲ. “ಇಲ್ಲೇ ಇರು, ಬಂದೆ,” ಎಂದು ಸ್ಕೂಟರ್ ಹತ್ತಿದವನು ಬಾಳೆಹೊಸೂರಿನ ತನಕ ಎಲ್ಲೂ ನಿಲ್ಲಲಿಲ್ಲ. ಒಂದೆರಡು ಕಡೆ ಹೊಟ್ಟೆಯ ಸಲುವಾಗಿ ನಿಂತೆ. ಅದನ್ನು ಲೆಕ್ಕಕ್ಕೆ ಹಿಡಿಯಬಾರದು.

ದಸ್ತಗೀರನ ಹೆಂಡತಿ ಬಾಗಿಲಿಗೆ ಬಂದಳು. “ಅವ್ರು ಮುಂಜಾನೆದ್ದು ಶಿರಹಟ್ಟಿಗೆ ಹ್ವಾದ್ರು. ನಿನ್ನೆ ಗದಗಿಗೆ ಹೋಗಿ ಬಂದಾಗಿಂದ ಉಂಡಿಲ್ರಿ, ಮಾತೂ ಆಡಿಲ್ಲ. ಅಕ್ಕನ ಮಾರಿ ನೋಡಿದ್ರೇನು ಅಂತ ಕೇಳಿದ್ರ ಸುಮ್ನ ಕುಂಡ್ರತಾರ. ನಿಮಗೇನರ ಗೊತ್ತೈತೇನ್ರಿ?”

ನನಗೆ ಎಲ್ಲ ಗೊತ್ತಿತ್ತು. “ಇಲ್ಲವ್ವಾ,” ಎಂದು ಶಿರಹಟ್ಟಿಗೆ ಗಾಡಿ ತಿರುಗಿಸಿದೆ.

ಶಿರಹಟ್ಟಿಯಲ್ಲಿ ಒಂದು ಮನೆಯವರು, “ನಮ್ಮ ಗಾದಿ ಮುಗಿಸಿ ಮಾಗಡಿಗೆ ಹ್ವಾದ,” ಎಂದರು. ಮಾಗಡಿಗೆ ಹೋದೆ. ಹೊರದೇಶದಿಂದ ಬರುವ ಹಕ್ಕಿಗಳು ಕೆರೆಯ ತುಂಬ ಕುಳಿತಿದ್ದವು. ಅಷ್ಟು ದೂರದಿಂದ ಅವು ದಾರಿ ತಪ್ಪದೆ ಬಂದಿದ್ದವು. ನಾನು ಆ ಊರಿನೊಳಗೇ ಮೂರು ಓಣಿ ತಪ್ಪಿದೆ. ಕೊನೆಗೆ ಬಿಲ್ಲಿನ ‘ಟ್ವಂಯ್ ಟ್ವಂಯ್’ ಸದ್ದು ಕೇಳಿ ಒಂದು ಅಂಗಳಕ್ಕೆ ಹೊಕ್ಕೆ.

ದಸ್ತಗೀರ ಹತ್ತಿಯ ರಾಶಿಯ ನಡುವೆ ಕುಳಿತಿದ್ದ. ರೆಪ್ಪೆಯ ಮೇಲೂ ಹತ್ತಿ. ನನ್ನನ್ನು ನೋಡಿದ ಕೂಡಲೇ ಬಿಲ್ಲು ನಿಂತಿತು. ಎದ್ದು ನಿಂತ.

“ಅಕ್ಕಗ ಏನಾತ್ರಿ?”

“ಏನೂ ಆಗಿಲ್ಲ, ಏನೂ ಆಗಿಲ್ಲ. ರಕ್ತ ಬೇಕಾಗೇತಿ.”

“ನೀವು ಕೊಡವ್ರಿದ್ರೆಲ್ಲ?”

“ನಂದು... ನಡ್ಯಾಂಗಿಲ್ಲಂತ.”

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ನಾನು ದಪ್ಪಗಿದ್ದೆ, ಕೆಂಪಗಿದ್ದೆ. “ಮತ್ತ ನಂದು ನಡೀತೈತೇನ್ರಿ? ಖಾಲಿ ಚೀಲ ಆಗ್ತಿ ಅಂದಿದ್ರಿ,” ಎಂದ. ಕುಹಕದಿಂದ ಅಂದದ್ದಲ್ಲ. ನಿಜವಾಗಿಯೂ ಕೇಳುತ್ತಿದ್ದ. ನನ್ನ ಮಾತನ್ನು ನಂಬಿ ಅವನು ರಾತ್ರಿಯಿಡೀ ತನ್ನ ರಕ್ತ ಅಕ್ಕನಿಗೆ ಆಗಿಬರುವುದಿಲ್ಲವೆಂದುಕೊಂಡಿದ್ದ.

“ನಿಂದ ನಡೀತೈತೋ ಮಾರಾಯಾ! ನಿಂದ ಒಂದ ನಡಿಯೂದು!” ಎಂದೆ.

ಅವನು ಹೊರಟೇಬಿಟ್ಟ. ಆ ಮನೆಯ ಯಜಮಾನಿ ಓಡಿಬಂದಳು. “ಹತ್ತಿ ಹರವಿಟ್ಟು ಎಲ್ಲಿ ಹೊಂಟ್ಯೋ? ಗಾಳಿ ಬಿಟ್ರ ನನ್ನ ಗಾದಿ ಕೆರಿಗೆ ಹೋಗಿ ಬೀಳತೈತಿ!” ಅವಳು ಹೇಳಿದ್ದೇ ತಡ, ಗಾಳಿ ಬೀಸಿತು. ನಾನೂ ದಸ್ತಗೀರನೂ ಅಂಗಳದ ತುಂಬ ಹಾರಿ ಹತ್ತಿ ಹಿಡಿದು ಚೀಲಕ್ಕೆ ತುರುಕಿದೆವು. ಅವನು ಹಿಡಿದದ್ದು ಚೀಲಕ್ಕೆ ಹೋಯಿತು. ನಾನು ಹಿಡಿದದ್ದು ನನ್ನ ಮೀಸೆ, ಕಿವಿ, ಇಸ್ತ್ರಿಯ ಅಂಗಿಯ ಮೇಲೆ ಕುಳಿತಿತು. ಆ ವೇಷದಲ್ಲೇ ಅವನನ್ನು ಹಿಂದೆ ಕೂರಿಸಿಕೊಂಡು ಗದಗಿಗೆ ಬಂದೆ. ದಾರಿಯಲ್ಲಿ ಒಂದು ಖಾನಾವಳಿಯಲ್ಲಿ ಅವನಿಗೆ ಹೊಟ್ಟೆತುಂಬ ರೊಟ್ಟಿ ಉಣ್ಣಿಸಿದೆ. ಅಂದು ನಾನು ಮಾಡಿದ ಒಂದೇ ಒಂದು ಬುದ್ಧಿವಂತಿಕೆ ಅದು.

ದವಾಖಾನೆಯಲ್ಲಿ ನಮ್ಮಿಬ್ಬರನ್ನೂ ನೋಡಿದ ಡಾಕ್ಟರಬಾಯಿ, “ಇದೇನ್ರಿ, ದೀಪಾವಳಿಗೆ ಬತ್ತಿ ಮಾಡಾಕ ಹೋಗಿದ್ರೇನು?” ಎಂದು ಕೇಳಿ, ದಸ್ತಗೀರನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ತೂಕ ಸಾಕಷ್ಟು ಬಂತು. ನಾನು ನಿಟ್ಟುಸಿರು ಬಿಟ್ಟೆ.

“ಬಿಲ್ಲು ಕೆಳಗಿಟ್ಟು ನಿಲ್ರಿ,” ಎಂದರು.

ಅವನು ಹೆಗಲ ಮೇಲಿನ ಬಿಲ್ಲು ಇಳಿಸಿದ. ಮುಳ್ಳು ಹಿಂದಕ್ಕೆ ಸರಿಯಿತು. ಇನ್ನೂ ಸರಿಯಿತು. ನಾನು ನನಗೆ ಗೊತ್ತಿದ್ದ ದೇವರನ್ನೆಲ್ಲ ನೆನೆದೆ. ಮೌಲಾಸಾಬ ತನ್ನ ಕಡೆಯಿಂದ ನೆನೆದ. ಬೇಕಾದ ಗೆರೆಗಿಂತ ಕೂದಲೆಳೆಯಷ್ಟು ಮೇಲೆ ಮುಳ್ಳು ನಿಂತಿತು. ಅವನ ರಕ್ತದ ಹನಿ ನೀಲಿ ನೀರಿನಲ್ಲಿ ಕಲ್ಲಿನಂತೆ ಮುಳುಗಿತು. ಗುಂಪು ಬಿ. ಅಕ್ಕನ ರಕ್ತದ ಜೊತೆ ಕೂಡಿಸಿ ನೋಡಿದರೂ ಒಂದು ಗಂಟೂ ಕಟ್ಟಲಿಲ್ಲ.

ಸಂಜೆ ರೆಹಮತಬಿಗೆ ರಕ್ತ ಏರಿಸತೊಡಗಿದರು. ನಳಿಗೆಯಲ್ಲಿ ಹನಿ ಹನಿಯಾಗಿ ಇಳಿಯುತ್ತಿತ್ತು. ದಸ್ತಗೀರ ಮಂಚದ ಕಾಲ ಬಳಿ ತಲೆ ತಗ್ಗಿಸಿ ನಿಂತಿದ್ದ. ಅವಳು ಅವನನ್ನು ನೋಡಿದಳು, ಚೀಲ ನೋಡಿದಳು, ಮತ್ತೆ ಅವನನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಅಣ್ಣಾರ, ನಿನ್ನೆ ಇವ ಗೇಟಿನ ತನಕ ಬಂದು, ನಿಮ್ಮ ಜೋಡಿ ಮಾತಾಡಿ ಹಿಂದಕ್ಕ ಹೋಗೂದನ್ನ ಕಿಟಕ್ಯಾಗಿಂದ ನೋಡಿದ್ದೆ,” ಎಂದಳು. “ಬಾಗಲಕ್ಕ ಬಂದೂ ಮನಸ್ಸಾಗಲಿಲ್ಲ, ಇನ್ನ ನಾ ಸತ್ರೂ ಬರೂದಿಲ್ಲ ಅಂತ ತಿಳದೆ. ನನಗ ಸಂಕಟ ಆಗಬಾರದಂತ ನೀವು ಯಾರೂ ಬಂದಿಲ್ಲ ಅಂತ ಸುಳ್ಳು ಹೇಳಿದ್ರಿ. ನಿಮ್ಮದು ದೊಡ್ಡ ಮನಸ್ಸು.”

ಇಂಥ ಹೊಗಳಿಕೆ ಯಾರಿಗೂ ಬರಬಾರದು! ಇಡೀ ಆಯುಷ್ಯದಲ್ಲಿ ಒಮ್ಮೆ ನನಗೆ ದೊಡ್ಡ ಮನಸ್ಸಿನವನೆಂಬ ಬಿರುದು ಬಂತು, ಅದನ್ನು ಇಟ್ಟುಕೊಳ್ಳುವಂತಿರಲಿಲ್ಲ. ದಸ್ತಗೀರ ಕಣ್ಣಲ್ಲೇ ‘ಬಿಡ್ರಿ, ಸುಮ್ಮನಿರ್ರಿ’ ಎಂದ. ಸುಮ್ಮನಿದ್ದರೆ ಅವಳು ತಮ್ಮನೇ ಹಿಂದೆ ಹೋದನೆಂದು ನಂಬಿಯೇ ಇರುತ್ತಿದ್ದಳು.

“ತಂಗಿ,” ಎಂದೆ, “ಅವ ಹಿಂದಕ್ಕ ಹೋಗಲಿಲ್ಲ. ನಾನ ಕಳಿಸಿದೆ. ಒಳಗ ಕರಕೊಂಡು ಹೋಗ್ರಿ ಅಂದ. ನಾ ಬಿಡಲಿಲ್ಲ.”

ರೆಹಮತಬಿ ನನಗೆ ಏನಾದರೂ ಅಂದಿದ್ದರೆ ಕೈಮುಗಿದು ಕೇಳಿಸಿಕೊಳ್ಳುತ್ತಿದ್ದೆ. ಅವಳು ತಮ್ಮನ ಕೈಹಿಡಿದು ಹತ್ತಿರ ಎಳೆದುಕೊಂಡು, ಅವನ ರೆಪ್ಪೆಯ ಮೇಲೆ ಉಳಿದಿದ್ದ ಹತ್ತಿಯನ್ನು ಬೆರಳಿಂದ ತೆಗೆಯುತ್ತ, “ಉಂಡಿಯೇನೋ?” ಎಂದು ಕೇಳಿದಳು. ಅವನು ಅತ್ತುಬಿಟ್ಟ. ನಾನು ಹೊರಗೆ ಬಂದು ಸ್ಕೂಟರಿನ ಬಳಿ ನಿಂತೆ.

ಆಪರೇಶನ್ ಸುಸೂತ್ರವಾಯಿತು, ಒಂದು ದಿನ ತಡವಾಗಿ. ಅಕ್ಕ ತಮ್ಮನ ಹೋಗಿಬರುವಿಕೆ ಮತ್ತೆ ಶುರುವಾಯಿತು. ಮುಂದಿನ ರಂಜಾನಿಗೆ ಮೌಲಾಸಾಬ ನನ್ನನ್ನು ಊಟಕ್ಕೆ ಕರೆದ; ಬಂದ ನೆಂಟರಿಗೆಲ್ಲ, “ಇವ ನನ್ನ ದೋಸ್ತ ಈರಣ್ಣ. ರಕ್ತ ಕೊಡಾಕ ಬಂದು, ರಕ್ತ ಕೊಡವನ್ನ ಹೊರಗ ಹಾಕಿದವ!” ಎಂದು ಪರಿಚಯಿಸಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ರೆಹಮತಬಿ ಮಾತ್ರ ನಗದೆ ನನ್ನ ತಟ್ಟೆಗೆ ಇನ್ನೊಂದಿಷ್ಟು ಶಾವಿಗೆ ಹಾಕಿದಳು. ಅವಳು ಗೋಡೆಗೆ ಮುಖ ಮಾಡಿ ಕಳೆದ ಆ ಒಂದು ರಾತ್ರಿಯನ್ನು ಹಿಂದಿರುಗಿಸುವ ದಾರಿ ನನಗೆ ಇಂದಿಗೂ ಹೊಳೆದಿಲ್ಲ.

ಗೆಳೆಯನ ಸಂಸಾರಕ್ಕಾಗಿ ಅಷ್ಟು ಓಡಾಡಿದೆ, ಅಷ್ಟು ಮಾತಾಡಿದೆ, ಅಷ್ಟು ಬೀಟ್‌ರೂಟ್ ತಿಂದೆ. ಅದೆಲ್ಲ ಬಿಟ್ಟು ಆ ಸಂಜೆ ನಾನು ಮಲ್ಲಸಮುದ್ರದಲ್ಲಿ ಯಾವುದಾದರೂ ಮದುವೆಗೆ ಹೋಗಿ, ಹೊಟ್ಟೆತುಂಬ ಉಂಡು, ಹಂದರದಲ್ಲೇ ಗೊರಕೆ ಹೊಡೆಯುತ್ತ ಬಿದ್ದಿದ್ದರೆ ರೆಹಮತಬಿಗೆ ಅದಕ್ಕಿಂತ ಎಷ್ಟೋ ದೊಡ್ಡ ಉಪಕಾರವಾಗುತ್ತಿತ್ತು!